ಸ್ವೀಟ್ ಹೋಮ್ 3ಡಿಯಲ್ಲಿ ಮನೆಯ ಫೋಟೋ ಕತ್ತಲೆಯಾಗಿ ಬರ್ತಿದೆಯಾ? ಗೋಡೆಯಿಂದ ರೆಂಡರ್ ತನಕ ಒಂದೊಂದೇ ಸರಿ ಮಾಡೋಣ

ಅಕ್ಕ ತುಮಕೂರಿನಲ್ಲಿ ಮನೆ ಕಟ್ಟಿಸಲು ಹೊರಟಾಗ ಎಂಜಿನಿಯರ್ ಕೊಟ್ಟ ಪ್ಲಾನ್ ಹಾಳೆ ಹಿಡಿದುಕೊಂಡು ಬಂದಳು. "ಗೆರೆ ಬಿಟ್ರೆ ಏನೂ ಕಾಣ್ತಿಲ್ಲ ಕಣೋ, ಮನೆ ಹೇಗಿರುತ್ತೆ ಅಂತ ತೋರಿಸು" ಅಂದಳು. 30–40ರ ಸೈಟು, ಪೂರ್ವಕ್ಕೆ ರಸ್ತೆ, ಆಗ್ನೇಯಕ್ಕೆ ಅಡುಗೆಮನೆ. ಮನೆಯ ಪ್ಲಾನ್ ಬರೆದು ಅದನ್ನೇ 3ಡಿಯಲ್ಲಿ ನೋಡಬಹುದಾದ ಸ್ವೀಟ್ ಹೋಮ್ 3ಡಿ ಅನ್ನುವ ತಂತ್ರಾಂಶದಲ್ಲಿ ಎರಡು ದಿನ ಕೂತು ಬರೆದೆ. ಬೆಳಿಗ್ಗೆ 8 ಗಂಟೆಯ ಬೆಳಕಿಗೆ ಫೋಟೋ (ಬೆಳಕು, ನೆರಳು ಲೆಕ್ಕ ಹಾಕಿ ತಂತ್ರಾಂಶವೇ ಮಾಡಿಕೊಡುವ ಚಿತ್ರ, ರೆಂಡರ್ ಅನ್ನುವುದು ಇದನ್ನೇ) ತೆಗೆದರೆ ಅಡುಗೆಮನೆ ಗವಿಯ ಹಾಗೆ ಕತ್ತಲೆ. ಪೂರ್ವಕ್ಕೆ ಕಿಟಕಿ ಇದ್ದೂ ಒಂದು ಚೂರು ಬಿಸಿಲಿಲ್ಲ. ಅಕ್ಕ ಗಾಬರಿಯಾಗಿ, ಇನ್ನೊಂದು ಕಿಟಕಿ ಇಡಿಸಿ ಅಂತ ಎಂಜಿನಿಯರಿಗೆ ಫೋನ್ ಮಾಡುವುದರಲ್ಲಿದ್ದಳು. ಪ್ಲಾನಿನಲ್ಲಿ ತಪ್ಪೇ ಇರಲಿಲ್ಲ. ತಂತ್ರಾಂಶದಲ್ಲಿ ಉತ್ತರ ಎಲ್ಲಿದೆ ಅಂತ ಹೇಳುವ ದಿಕ್ಸೂಚಿಯನ್ನು ನಾನು ತಿರುಗಿಸಿರಲಿಲ್ಲ, ಅಷ್ಟೇ.

ಆಮೇಲೆ ಬಂಧುಬಳಗದ ನಾಲ್ಕಾರು ಮನೆ ಹೀಗೆ ಬರೆದುಕೊಟ್ಟಿದ್ದೇನೆ. ಫೋಟೋ ಚೆನ್ನಾಗಿ ಬರಲಿಲ್ಲ ಅಂದರೆ ಎಲ್ಲರೂ ಮೊದಲು ಕೈ ಹಾಕುವುದು ಕ್ವಾಲಿಟಿ ಸ್ಲೈಡರಿಗೆ. ಅದನ್ನು ಮುಟ್ಟಬೇಕಾದದ್ದು ಕೊನೆಗೆ. ಗೋಡೆ ಸರಿಯಿದೆಯಾ, ದಿಕ್ಕು ಸರಿಯಿದೆಯಾ, ದೀಪ ಇದೆಯಾ ಅಂತ ನೋಡಿಕೊಂಡು ಬಂದರೆ ಅರ್ಧಕ್ಕಿಂತ ಜಾಸ್ತಿ ತೊಂದರೆ ಅಲ್ಲೇ ಮುಗಿಯುತ್ತದೆ. ಅದೇ ಕ್ರಮದಲ್ಲಿ ಹೋಗೋಣ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ವೀಟ್ ಹೋಮ್ 3ಡಿ ಉಚಿತ ತಂತ್ರಾಂಶ, ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಫ್ರಾನ್ಸಿನ ಎಮ್ಯಾನುಯೆಲ್ ಪ್ಯೂಬರೆ 2006ರಲ್ಲಿ ಶುರು ಮಾಡಿದ್ದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮೆನುಗಳ ಹೆಸರನ್ನು ಇಂಗ್ಲಿಷ್ ಆವೃತ್ತಿಯಲ್ಲಿ ಕಾಣುವ ಹಾಗೇ ಇಲ್ಲಿ ಬರೆದಿದ್ದೇನೆ.

ಮೊದಲು ಪ್ಲಾನ್

ಒಳಗೆ ಹೋದ ಕೂಡಲೇ ಪ್ರಿಫರೆನ್ಸಸ್ ತೆರೆದು ಅಳತೆಯನ್ನು ಅಡಿ–ಇಂಚಿಗೆ ಬದಲಿಸಿ. ನಮ್ಮ ಮೇಸ್ತ್ರಿ, ಬಡಗಿ, ಟೈಲ್ಸ್ ಅಂಗಡಿ ಎಲ್ಲ ಮಾತಾಡುವುದು ಅಡಿಯಲ್ಲೇ. ಅಲ್ಲೇ ಹೊಸ ಗೋಡೆಯ ದಪ್ಪ ಮತ್ತು ಎತ್ತರವನ್ನೂ ಬದಲಿಸಬೇಕು. ತಂತ್ರಾಂಶ ತಾನಾಗಿ ಇಡುವ ದಪ್ಪ 7.5 ಸೆಂಟಿಮೀಟರ್, ಅಂದರೆ ಮೂರು ಇಂಚು. ಎತ್ತರ 250 ಸೆಂಟಿಮೀಟರ್, ಎಂಟು ಅಡಿ ಚಿಲ್ಲರೆ. ನಮ್ಮಲ್ಲಿ ಹೊರಗೋಡೆ 9 ಇಂಚು, ಒಳಗೋಡೆ ನಾಲ್ಕೂವರೆ, ಎತ್ತರ 10 ಅಡಿ ಸಾಮಾನ್ಯ. ಇದನ್ನು ಬಿಟ್ಟು ಬರೆದರೆ ಏನಾಗುತ್ತದೆ ಗೊತ್ತಾ? ಫೋಟೋದಲ್ಲಿ ಮನೆ ತಗ್ಗಾಗಿ, ಗೋಡೆ ರಟ್ಟಿನ ಹಾಗೆ ಕಾಣುತ್ತದೆ. ಕೋಣೆಯೂ ಇರುವುದಕ್ಕಿಂತ ದೊಡ್ಡದಾಗಿ ಕಂಡು ಆಮೇಲೆ ಮಂಚ ಹಿಡಿಯುವುದಿಲ್ಲ.

ಎಂಜಿನಿಯರ್ ಕೊಟ್ಟ ಹಾಳೆಯನ್ನು ಇಂಪೋರ್ಟ್ ಬ್ಯಾಕ್‌ಗ್ರೌಂಡ್ ಇಮೇಜ್‌ನಲ್ಲಿ ಹಾಕಿಕೊಂಡು ಅದರ ಮೇಲೆ ಗೋಡೆ ಎಳೆಯುವುದು ಸುಲಭ. ಆದರೆ ಫೋನಿನಲ್ಲಿ ಓರೆಯಾಗಿ ಹಿಡಿದು ತೆಗೆದ ಫೋಟೋ ಬೇಡ, ಒಂದು ಮೂಲೆ ಹಿಗ್ಗಿರುತ್ತದೆ. ಪಿಡಿಎಫ್ ಕೇಳಿ ಇಸಿದುಕೊಂಡು ಅದನ್ನು ಚಿತ್ರವಾಗಿ ಉಳಿಸಿಕೊಳ್ಳಿ. ಸ್ಕೇಲ್ ಕೊಡುವಾಗ, ಅಂದರೆ ಚಿತ್ರದಲ್ಲಿನ ಒಂದು ಗೆರೆ ನಿಜದಲ್ಲಿ ಎಷ್ಟು ಉದ್ದ ಅಂತ ತಿಳಿಸುವಾಗ, ಬಚ್ಚಲಿನ ನಾಲ್ಕು ಅಡಿಯನ್ನು ಹಿಡಿಯಬೇಡಿ. ಹಾಳೆಯಲ್ಲಿರುವ ಅತಿ ಉದ್ದದ ಅಳತೆಯನ್ನು ಹಿಡಿಯಿರಿ. ಗೆರೆ ಇಡುವಾಗ ಒಂದು ಇಂಚು ಆಚೀಚೆಯಾದರೂ, 40 ಅಡಿಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ನಾಲ್ಕು ಅಡಿಯಲ್ಲಾದರೆ ಇಡೀ ಮನೆಗೆ ಹತ್ತು ಇಂಚು ವ್ಯತ್ಯಾಸ ಬೀಳುತ್ತದೆ. ಗೋಡೆ ಎಳೆಯುತ್ತಿರುವಾಗಲೇ ಎಂಟರ್ ಒತ್ತಿದರೆ ಉದ್ದವನ್ನು ಟೈಪ್ ಮಾಡಬಹುದು. ಮೌಸಿನಲ್ಲಿ ಅಂದಾಜು ಮಾಡುತ್ತಾ ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

ಈಗ ಒಂದು ಪರೀಕ್ಷೆ. ಕ್ರಿಯೇಟ್ ರೂಮ್ಸ್ ಆರಿಸಿ ಪ್ರತಿ ಕೋಣೆಯ ನಡುವೆ ಡಬಲ್ ಕ್ಲಿಕ್ ಮಾಡಿ. ಸುತ್ತಲಿನ ಗೋಡೆ ಪೂರ್ತಿ ಕೂಡಿದ್ದರೆ ಕೋಣೆ ತಾನಾಗಿ ತುಂಬಿಕೊಳ್ಳುತ್ತದೆ. ತುಂಬಲಿಲ್ಲವಾ? ಎಲ್ಲೋ ಎರಡು ಗೋಡೆ ಮುಟ್ಟಿಲ್ಲ ಅಂತ ಅರ್ಥ. ಮೂಲೆಗಳನ್ನು ಜೂಮ್ ಮಾಡಿ ನೋಡಿ, ಕೂದಲೆಳೆಯಷ್ಟು ಸಂದಿ ಸಿಗುತ್ತದೆ. ಗೋಡೆಯ ತುದಿ ಹಿಡಿದು ಎಳೆದು ಪಕ್ಕದ ಗೋಡೆಯ ತುದಿಗೆ ಕೂಡಿಸಿ. ಈ ಸಂದಿಯಿಂದಲೇ ಫೋಟೋದಲ್ಲಿ ಮೂಲೆಯುದ್ದಕ್ಕೂ ಬೆಳಕಿನ ಗೀರು ಕಾಣುವುದು. ಆಮೇಲೆ, ರೂಮ್ ಮಾಡದೆ ಬರೀ ಗೋಡೆ ನಿಲ್ಲಿಸಿದರೆ ಕೋಣೆಗೆ ನೆಲವೂ ಇಲ್ಲ, ಸೀಲಿಂಗೂ ಇಲ್ಲ. ಸೂರ್ಯನ ಬೆಳಕು ಮೇಲಿಂದ ನೇರ ಸುರಿಯುತ್ತದೆ. "ಹಾಲ್‌ನಲ್ಲಿ ಇಷ್ಟೊಂದು ಬೆಳಕು ಹೇಗೆ ಬಂತು" ಅನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ರೂಮಿನ ಮೇಲೆ ಡಬಲ್ ಕ್ಲಿಕ್ ಮಾಡಿ ಸೀಲಿಂಗ್ ತೋರಿಸುವ ಟಿಕ್ ಇದೆಯಾ ಅಂತಲೂ ನೋಡಿಬಿಡಿ.

ಮಹಡಿ ಇದ್ದರೆ ಆ್ಯಡ್ ಲೆವೆಲ್ ಬಳಸಿ. ನೆಲಮಹಡಿಯ ಗೋಡೆ 10 ಅಡಿ, ಸ್ಲ್ಯಾಬ್ 5 ಇಂಚು ಅಂದರೆ ಮೇಲಿನ ಮಹಡಿ ಶುರುವಾಗುವುದು 10 ಅಡಿ 5 ಇಂಚಿಗೆ. ಇದು ತಪ್ಪಿದರೆ ಎರಡು ಮಹಡಿಯ ನಡುವೆ ಆಕಾಶ ಕಾಣುತ್ತದೆ, ಇಲ್ಲವೇ ಒಂದರೊಳಗೆ ಒಂದು ಹೊಕ್ಕಿರುತ್ತದೆ. ಇಳಿಜಾರಿನ ಹೆಂಚಿನ ಮಾಡಿಗೆ ನೇರವಾದ ಟೂಲ್ ಇಲ್ಲ. ಗೋಡೆಯ ಒಂದು ತುದಿಗೆ ಒಂದು ಎತ್ತರ, ಇನ್ನೊಂದು ತುದಿಗೆ ಇನ್ನೊಂದು ಎತ್ತರ ಕೊಟ್ಟು, ಮಾಡನ್ನು ಬೇರೆ ಮಾಡೆಲ್ ತಂದು ಕೂರಿಸಬೇಕು. ತಾಳ್ಮೆ ಬೇಡುವ ಕೆಲಸ.

3ಡಿ ನೋಟವೇ ಕಾಣದಿದ್ದರೆ

ಕೆಳಗಿನ 3ಡಿ ಕಿಟಕಿ ಕಪ್ಪಾಗಿದ್ದರೆ, ಮಿನುಗುತ್ತಿದ್ದರೆ, ಅಥವಾ ತೆರೆದ ಕೂಡಲೇ ತಂತ್ರಾಂಶ ಮುಚ್ಚಿಕೊಂಡರೆ ಹೆಚ್ಚಾಗಿ ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಮೂಡಿಸುವ ಚಿಪ್ಪನ್ನು ನಡೆಸುವ ತಂತ್ರಾಂಶ) ಕಾರಣ. ಲ್ಯಾಪ್‌ಟಾಪ್ ಕಂಪನಿಯ ಅಥವಾ ಗ್ರಾಫಿಕ್ಸ್ ಚಿಪ್ ಕಂಪನಿಯ ತಾಣದಿಂದ ಹೊಸ ಡ್ರೈವರ್ ಹಾಕಿ, ಕಂಪ್ಯೂಟರ್ ಆರಿಸಿ ಮತ್ತೆ ಹಾಕಿ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್ ಆದರೆ ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಗ್ರಾಫಿಕ್ಸ್ ಅಂತ ಇರುತ್ತದೆ, ಅಲ್ಲಿ ಈ ತಂತ್ರಾಂಶಕ್ಕೆ ಇನ್ನೊಂದನ್ನು ಕೊಟ್ಟು ನೋಡಿ.

ಹೊರಗಿನಿಂದ ತಂದ ಸೋಫಾ, ಬಾಗಿಲು, ಕಿಟಕಿ

ಇಂಟರ್ನೆಟ್‌ನಿಂದ ಇಳಿಸಿದ ಮಾಡೆಲ್‌ಗಳ ತೊಂದರೆಯೇ ಒಂದು ಸಂಸಾರ. ಸೋಫಾ ಬಣ್ಣವಿಲ್ಲದೆ ಬಂತಾ? ಬರೀ ಆಕಾರ ಇರುವ ಒಬಿಜೆ ಫೈಲ್ ಒಂದನ್ನೇ ತಂದಿರುತ್ತೀರಿ. ಬಣ್ಣದ ವಿವರ ಇರುವುದು ಜೊತೆಗಿನ ಎಂಟಿಎಲ್ ಫೈಲಿನಲ್ಲಿ, ಬಟ್ಟೆಯ ವಿನ್ಯಾಸ ಬೇರೆ ಚಿತ್ರಗಳಲ್ಲಿ. ಮೂರನ್ನೂ ಒಂದು ಜಿಪ್ ಮಾಡಿ, ಆ ಜಿಪ್ ಅನ್ನೇ ಇಂಪೋರ್ಟ್ ಫರ್ನಿಚರ್‌ಗೆ ಕೊಡಿ.

ಸೋಫಾ ಮಲಗಿಕೊಂಡು ಬಂದರೆ ಇಂಪೋರ್ಟ್ ಮಾಡುವಾಗಲೇ ತಿರುಗಿಸುವ ಬಾಣಗಳಿವೆ. ಆನೆ ಗಾತ್ರಕ್ಕೆ ಬಂದರೆ ಮಾಡೆಲ್ ಮಾಡಿದವರು ಬೇರೆ ಅಳತೆಯಲ್ಲಿ ಮಾಡಿದ್ದಾರೆ ಅಂತ. ಅನುಪಾತ ಉಳಿಸಿಕೊಳ್ಳುವ ಟಿಕ್ ಹಾಕಿ ಅಗಲವೊಂದನ್ನು ಸರಿ ಮಾಡಿದರೆ ಸಾಕು. ಒಂದು ಕಡೆಯಿಂದ ನೋಡಿದರೆ ಇದೆ, ಇನ್ನೊಂದು ಕಡೆಯಿಂದ ತೂತು ಕಾಣುತ್ತದೆ ಅಂದರೆ ಹಿಂಬದಿಯ ಮುಖಗಳನ್ನು ತೋರಿಸುವ ಆಯ್ಕೆಗೆ ಟಿಕ್ ಹಾಕಿ. ಕಿಟಕಿ ಗೋಡೆಯೊಳಗೆ ಹೂತುಹೋಗಿ ರಂಧ್ರವೇ ಆಗದಿದ್ದರೆ, ಇಂಪೋರ್ಟ್ ಮಾಡುವಾಗ ಅದನ್ನು ಬಾಗಿಲು ಅಥವಾ ಕಿಟಕಿ ಅಂತ ಗುರುತು ಮಾಡಿಲ್ಲ. ಮೆಟ್ಟಿಲಿಗೂ ಹೀಗೇ ಗುರುತು ಇದೆ, ಅದಿಲ್ಲದಿದ್ದರೆ ಮೇಲಿನ ಮಹಡಿಯ ನೆಲ ತೆರೆದುಕೊಳ್ಳುವುದಿಲ್ಲ.

ಟೈಲ್ಸ್ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ಟೆಕ್ಸ್‌ಚರ್, ಅಂದರೆ ನೆಲಕ್ಕೋ ಗೋಡೆಗೋ ಹೊದಿಸುವ ಚಿತ್ರ, ಹಾಕುವಾಗ ಆ ಚಿತ್ರ ನಿಜದಲ್ಲಿ ಎಷ್ಟು ಅಗಲ, ಎಷ್ಟು ಉದ್ದ ಅಂತ ಕೇಳುತ್ತದೆ. ಸುಮ್ನೆ ಮುಂದೆ ಒತ್ತಿಬಿಡುತ್ತಾರೆ. ಎರಡು ಅಡಿ ಚೌಕದ ವಿಟ್ರಿಫೈಡ್ ಟೈಲಿನ ಚಿತ್ರಕ್ಕೆ ಎರಡು ಅಡಿಯನ್ನೇ ಕೊಡಬೇಕು. ಚಿತ್ರದಲ್ಲಿ ಎರಡೆರಡರ ಎರಡು ಸಾಲು, ಒಟ್ಟು ನಾಲ್ಕು ಟೈಲ್ ಇದ್ದರೆ ಎರಡೂ ಕಡೆಗೆ ನಾಲ್ಕು ಅಡಿ. ಇಷ್ಟು ಮಾಡಿದರೆ ಬಾಗಿಲ ಹತ್ತಿರ ಎಷ್ಟು ತುಂಡು ಬೀಳುತ್ತದೆ ಅನ್ನುವುದು ಕೂಡ ಫೋಟೋದಲ್ಲೇ ಹೆಚ್ಚು ಕಡಿಮೆ ತಿಳಿಯುತ್ತದೆ.

ದಿಕ್ಕು ಮತ್ತು ಬಿಸಿಲು

ಇಲ್ಲೇ ನನ್ನ ಅಡುಗೆಮನೆ ಕತ್ತಲಾದದ್ದು. ಹೊಸ ಫೈಲ್ ತೆರೆದಾಗ ದಿಕ್ಸೂಚಿಯ ಉತ್ತರ ಹಾಳೆಯ ಮೇಲ್ಭಾಗಕ್ಕಿರುತ್ತದೆ. ಅಕ್ಕನ ಪ್ಲಾನಿನಲ್ಲಿ ರಸ್ತೆ ಹಾಳೆಯ ಕೆಳಗಡೆ ಇತ್ತು. ರಸ್ತೆ ಪೂರ್ವಕ್ಕೆ, ಅಂದರೆ ಉತ್ತರ ಹಾಳೆಯ ಬಲಗಡೆಗೆ ಇರಬೇಕಿತ್ತು. ನಾನು ಹಾಗೇ ಬಿಟ್ಟಿದ್ದರಿಂದ ಮುಂಬಾಗಿಲು ದಕ್ಷಿಣಕ್ಕೆ, ಆಗ್ನೇಯದ ಅಡುಗೆಮನೆ ನೈಋತ್ಯಕ್ಕೆ ಹೋಗಿ ಕೂತಿತ್ತು. ಬೆಳಗಿನ ಬಿಸಿಲು ಅಲ್ಲಿಗೆ ಎಲ್ಲಿಂದ ಬರಬೇಕು? ದಿಕ್ಸೂಚಿಯನ್ನು ಬಲಕ್ಕೆ ತಿರುಗಿಸಿ ಮತ್ತೆ ಫೋಟೋ ತೆಗೆದಾಗ ಪೂರ್ವದ ಕಿಟಕಿಯಿಂದ ಬಿಸಿಲು ಬಂದು ಗ್ರಾನೈಟ್ ಕಟ್ಟೆಯ ಮೇಲೆ ಬಿದ್ದಿತ್ತು. ಅಕ್ಕ ಆ ಫೋಟೋವನ್ನು ಇನ್ನೂ ಫೋನಿನಲ್ಲಿ ಇಟ್ಟುಕೊಂಡಿದ್ದಾಳೆ.

ದಿಕ್ಸೂಚಿಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಊರಿನ ಅಕ್ಷಾಂಶ, ರೇಖಾಂಶ, ಟೈಮ್ ಝೋನ್ ಕೊಡುವ ಜಾಗ ಸಿಗುತ್ತದೆ. ಬೆಂಗಳೂರಿಗೆ ಉತ್ತರ 12.97, ಪೂರ್ವ 77.59. ಟೈಮ್ ಝೋನ್ ಭಾರತದ್ದೇ ಇರಲಿ. ಇದನ್ನು ತುಂಬಿದರೆ ಮಾತ್ರ ಫೋಟೋದಲ್ಲಿ ಕೊಡುವ ದಿನಾಂಕ, ಗಂಟೆಗೆ ಬೆಲೆ. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ, ಮಧ್ಯಾಹ್ನವೂ ಸುಮಾರು 53 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆದ್ದರಿಂದ ಒಂದೇ ದಿನದ ಫೋಟೋ ನೋಡಿ ತೀರ್ಮಾನ ಮಾಡಬೇಡಿ. ಜೂನ್ 21 ಮತ್ತು ಡಿಸೆಂಬರ್ 21, ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4, ಹೀಗೆ ಆರು ಸಣ್ಣ ಫೋಟೋ ತೆಗೆಯಿರಿ. ಯಾವ ಕೋಣೆ ಯಾವಾಗ ಕಾಯುತ್ತದೆ, ಯಾವುದು ತಂಪಾಗಿರುತ್ತದೆ ಅಂತ ಗೋಡೆ ಏಳುವ ಮೊದಲೇ ತಿಳಿಯುತ್ತದೆ.

ಇನ್ನು ಎರಡು ವಸ್ತುಗಳನ್ನು ಬಹಳ ಜನ ಬರೆಯುವುದೇ ಇಲ್ಲ. ಒಂದು, ಕಿಟಕಿಯ ಮೇಲಿನ ಸಜ್ಜಾ. ಎರಡು ಅಡಿ ಸಜ್ಜಾ ಇದ್ದರೆ ಡಿಸೆಂಬರ್ ಮಧ್ಯಾಹ್ನ ದಕ್ಷಿಣದ ಕಿಟಕಿಯ ಮೇಲೆ ಸುಮಾರು ಎರಡೂ ಮುಕ್ಕಾಲು ಅಡಿ ನೆರಳು ಬೀಳುತ್ತದೆ. ನಾಲ್ಕು ಅಡಿ ಎತ್ತರದ ಕಿಟಕಿಯಲ್ಲಿ ಬಿಸಿಲು ನುಗ್ಗಲು ಉಳಿಯುವುದು ಕೆಳಗಿನ ಒಂದೂ ಕಾಲು ಅಡಿ. ಸಜ್ಜಾ ಇಲ್ಲದೆ ರೆಂಡರ್ ಮಾಡಿದ ಮನೆ ನಿಜವಾದ ಮನೆಗಿಂತ ಯಾವಾಗಲೂ ಬೆಳಕಾಗಿ ಕಾಣುತ್ತದೆ. ಕ್ಯಾಟಲಾಗ್‌ನಿಂದ ಒಂದು ಬಾಕ್ಸ್ ಎಳೆದು, ಎರಡು ಅಡಿ ಅಗಲ ಮೂರು ಇಂಚು ದಪ್ಪ ಮಾಡಿ, ಏಳು ಅಡಿ ಎತ್ತರಕ್ಕೆ ಏರಿಸಿ ಗೋಡೆಗೆ ಅಂಟಿಸಿದರೆ ಸಜ್ಜಾ ಸಿದ್ಧ.

ಎರಡನೆಯದು ಪಕ್ಕದ ಮನೆ. ನಮ್ಮ 30–40ರ ಸೈಟುಗಳಲ್ಲಿ ಪಕ್ಕದ ಗೋಡೆ ಎಷ್ಟು ದೂರ ಇರುತ್ತದೆ ಅಂತ ನಿಮಗೇ ಗೊತ್ತು. ಮೂರು ಅಡಿ ಬಿಟ್ಟು ಮೂರು ಮಹಡಿ ಎದ್ದಿದ್ದರೆ ಆ ಕಡೆ ಕಿಟಕಿಗೆ ಬಿಸಿಲು ಎಲ್ಲಿಯದು? ಫೋಟೋದಲ್ಲಿ ಮಾತ್ರ ಬಯಲಿನಲ್ಲಿ ಕಟ್ಟಿದ ಹಾಗೆ ಬೆಳಕು ತುಂಬಿರುತ್ತದೆ. ಮನೆಯವರು ಅದನ್ನು ನಂಬಿ ಮಗುವಿನ ಓದುವ ಮೇಜನ್ನು ಅಲ್ಲಿಡುತ್ತಾರೆ, ಆಮೇಲೆ ಹಗಲಲ್ಲೂ ಟ್ಯೂಬ್‌ಲೈಟ್ ಹಾಕಬೇಕಾಗುತ್ತದೆ. ಪಕ್ಕದ ಮನೆಗಳನ್ನು ಬರೀ ದೊಡ್ಡ ಬಾಕ್ಸ್‌ಗಳಾಗಿ ನಿಲ್ಲಿಸಿ, ಎತ್ತರ ಸರಿಯಿದ್ದರೆ ಸಾಕು. ಪಕ್ಕದ ಸೈಟು ಈಗ ಖಾಲಿ ಇದ್ದರೂ ಒಮ್ಮೆ ಬಾಕ್ಸ್ ಇಟ್ಟು ಒಮ್ಮೆ ತೆಗೆದು ಎರಡು ಫೋಟೋ ಮಾಡಿ. ಇವತ್ತಲ್ಲ ನಾಳೆ ಅಲ್ಲೂ ಮನೆ ಏಳುತ್ತದೆ, ಅಲ್ವಾ?

ದೀಪ ಹಾಕಿದರೂ ಬೆಳಕಿಲ್ಲ

ಕ್ರಿಯೇಟ್ ಫೋಟೋ ತೆರೆದರೆ ಕ್ವಾಲಿಟಿಗೆ ನಾಲ್ಕು ಹಂತ ಇವೆ. ನೆರಳು, ದೀಪದ ಬೆಳಕು, ದಿನಾಂಕ, ಗಂಟೆ, ಲೆನ್ಸ್, ಇವೆಲ್ಲ ಕೆಲಸ ಮಾಡುವುದು ಕೊನೆಯ ಎರಡು ಹಂತಗಳಲ್ಲಿ ಮಾತ್ರ. ಮೊದಲ ಎರಡರಲ್ಲಿ ನೂರು ದೀಪ ಹಾಕಿದರೂ ಒಂದೂ ಬೆಳಗುವುದಿಲ್ಲ. ಹೊಸಬರ ದೂರುಗಳಲ್ಲಿ ಅರ್ಧ ಇದೇ.

ಒಳಗಿನ ಫೋಟೋಗೆ ಮೊದಲು ಆ್ಯಡ್ ಸೀಲಿಂಗ್ ಲೈಟ್ಸ್ ಟಿಕ್ ಹಾಕಿ ನೋಡಿ. ಅದು ಪ್ರತಿ ಕೋಣೆಯ ಸೀಲಿಂಗಿನ ನಡುವೆ ಒಂದು ಬೆಳಕನ್ನು ಇಡುತ್ತದೆ. ಕೋಣೆ ಹೇಗಿದೆ ಅಂತ ತಿಳಿಯಲು ಸಾಕು, ಆದರೆ ನೋಟ ಚಪ್ಪಟೆ. ಚೆನ್ನಾಗಿರಬೇಕು ಅಂದರೆ ಟಿಕ್ ತೆಗೆದು, ಕ್ಯಾಟಲಾಗ್‌ನ ಲೈಟ್ಸ್ ವಿಭಾಗದಿಂದ ನಿಮ್ಮ ದೀಪಗಳನ್ನೇ ಇಡಿ. ಪ್ರತಿ ದೀಪಕ್ಕೂ ಶೇಕಡಾ ಲೆಕ್ಕದಲ್ಲಿ ಶಕ್ತಿ ಕೊಡಬಹುದು. ನಾನು 20ರಿಂದ ಶುರು ಮಾಡಿ ಏರಿಸುತ್ತೇನೆ. ಬಲ್ಬ್ ಆಕಾರವಿಲ್ಲದ ಬರೀ ಬೆಳಕಿನ ಮೂಲಗಳೂ ಅಲ್ಲಿವೆ. ದೇವರಮನೆಗೆ ಒಂದು, ಅಡುಗೆಮನೆಯ ಕಪಾಟಿನ ಕೆಳಗೆ ಒಂದು ಇಟ್ಟರೆ ಫೋಟೋಗೆ ಜೀವ ಬರುತ್ತದೆ. ದೀಪ ಸೀಲಿಂಗಿನೊಳಗೆ ಹೂತುಹೋಗಿದ್ದರೂ ಬೆಳಕು ಬರುವುದಿಲ್ಲ. ಎರಡು ಇಂಚು ಕೆಳಗಿಳಿಸಿ.

ಕಿಟಕಿಯಿಂದ ಬಿಸಿಲು ಬರಬೇಕಿತ್ತು, ಬರಲಿಲ್ಲ ಅಂದರೆ ಕಿಟಕಿಯ ಮೆಟೀರಿಯಲ್ಸ್ ತೆರೆದು ಗಾಜನ್ನು ಇನ್‌ವಿಸಿಬಲ್ ಮಾಡಿ ನೋಡಿ. ಫೋಟೋದಲ್ಲಿ ಗಾಜು ಇಲ್ಲ ಅಂತ ಯಾರಿಗೂ ತಿಳಿಯುವುದಿಲ್ಲ. ಏಳನೇ ಆವೃತ್ತಿಯಿಂದ, ಮೊದಲೇ ಇದ್ದ ಸನ್‌ಫ್ಲೋ ಜೊತೆಗೆ ಯಾಫಾರೇ ಅನ್ನುವ ಇನ್ನೊಂದು ರೆಂಡರ್ ಎಂಜಿನ್ (ಫೋಟೋದ ಬೆಳಕು, ನೆರಳಿನ ಲೆಕ್ಕ ಹಾಕುವ ಭಾಗ) ಇದೆ. ಒಂದರಲ್ಲಿ ಕೋಣೆ ಮಂಕಾಗಿದ್ದರೆ ಅದೇ ಜಾಗದಿಂದ ಇನ್ನೊಂದರಲ್ಲಿ ತೆಗೆದು ಹೋಲಿಸಿ.

ಕಲೆ, ಚುಕ್ಕಿ, ಸೊಟ್ಟ ನೋಟ

ನೆಲದ ಮೇಲೆ ಕಪ್ಪು ಮಚ್ಚೆ, ಅಥವಾ 3ಡಿಯಲ್ಲಿ ತಿರುಗಿಸುವಾಗ ಪಟಪಟ ಮಿನುಗುವ ಜಾಗ ಇದ್ದರೆ ಅಲ್ಲಿ ಎರಡು ಮೇಲ್ಮೈ ಒಂದೇ ಮಟ್ಟದಲ್ಲಿವೆ. ಒಂದರ ಮೇಲೊಂದು ಎರಡು ರೂಮ್ ಬಿದ್ದಿರಬಹುದು, ಕಾರ್ಪೆಟ್ ನೆಲದ ಮಟ್ಟಕ್ಕೇ ಇರಬಹುದು, ಗೋಡೆಗೆ ಅಂಟಿಸಿದ ಪ್ಯಾನೆಲ್ ಗೋಡೆಯ ಮುಖಕ್ಕೆ ಸರಿಸಮ ಇರಬಹುದು. ಯಾವುದು ಮೇಲೆ ಅಂತ ಕಂಪ್ಯೂಟರಿಗೆ ಗೊಂದಲ. ಒಂದನ್ನು ಅರ್ಧ ಸೆಂಟಿಮೀಟರ್ ಎತ್ತಿ ಅಥವಾ ಮುಂದೆ ತನ್ನಿ, ಹೋಗುತ್ತದೆ.

ನೆಲ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ರೂಮಿನಲ್ಲಿ ಶೈನಿ ಆಯ್ಕೆಯಾಗಿದೆ. ಪಾಲಿಶ್ ಮಾಡಿದ ಗ್ರಾನೈಟಿಗೆ ಅದು ಸರಿ, ರೆಡ್ ಆಕ್ಸೈಡ್ ನೆಲಕ್ಕೂ ಒಪ್ಪುತ್ತದೆ. ಮ್ಯಾಟ್ ಟೈಲಿಗೆ, ಗೋಡೆಯ ಬಣ್ಣಕ್ಕೆ ಬೇಡ. ಹೊಳಪು ಜಾಸ್ತಿಯಾದಷ್ಟೂ ರೆಂಡರ್ ಸಮಯವೂ ಜಾಸ್ತಿ.

ಸಣ್ಣ ಕೋಣೆಯಲ್ಲಿ ಎಲ್ಲವೂ ಒಂದೇ ಚೌಕಟ್ಟಿಗೆ ಬರಲಿ ಅಂತ ನೋಟದ ಕೋನವನ್ನು 100 ಡಿಗ್ರಿಗೆ ಏರಿಸುವವರಿದ್ದಾರೆ. ಅಂಚಿನಲ್ಲಿರುವ ಫ್ರಿಜ್ ಎಳೆದು ಉದ್ದ ಮಾಡಿದ ಹಾಗಾಗುತ್ತದೆ, ಹತ್ತು ಅಡಿಯ ಕೋಣೆ ಮದುವೆ ಮಂಟಪದಷ್ಟು ದೊಡ್ಡದಾಗಿ ಕಾಣುತ್ತದೆ. ಮನೆಯವರಿಗೆ ಇದು ಮೋಸ. 75ರ ಒಳಗೇ ಇರಿ. ಕಣ್ಣಿನ ಎತ್ತರವನ್ನು ಐದು ಅಡಿಗೆ ಇಳಿಸಿ, ನೋಟ ನೇರವಾಗಿರಲಿ. ಮೇಲೆ ಕೆಳಗೆ ಓರೆ ಮಾಡಿದರೆ ಗೋಡೆಗಳು ವಾಲುತ್ತವೆ.

ತಾಸುಗಟ್ಟಲೆ ಕಾಯುವವರಿಗೆ

ಎರಡೂ ಎಂಜಿನ್‌ಗಳು ಲೆಕ್ಕ ಮಾಡುವುದು ಪ್ರೊಸೆಸರ್‌ನಲ್ಲಿ, ಗ್ರಾಫಿಕ್ಸ್ ಕಾರ್ಡ್‌ನಲ್ಲಲ್ಲ. ಹಾಗಾಗಿ ಫೋಟೋ ಬೇಗ ಬರಲಿ ಅಂತ ದುಬಾರಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಡಿ, ದುಡ್ಡು ದಂಡ. 400–300 ಅಳತೆಯ ಫೋಟೋದಲ್ಲಿ 1,20,000 ಚುಕ್ಕಿಗಳಿರುತ್ತವೆ. 1600–1200ರಲ್ಲಿ 19,20,000, ಅಂದರೆ 16 ಪಟ್ಟು. ಬೆಳಕು ಸರಿಯಿದೆಯಾ ಅಂತ ನೋಡಲು ಸಣ್ಣದೇ ಸಾಕು, ಮೂರನೇ ಹಂತದಲ್ಲಿ ತೆಗೆಯಿರಿ. ಎಲ್ಲ ಒಪ್ಪಿಗೆಯಾದ ಮೇಲೆ ದೊಡ್ಡದನ್ನು ನಾಲ್ಕನೇ ಹಂತದಲ್ಲಿ ಒಮ್ಮೆ ತೆಗೆದರಾಯಿತು.

ಒಳ್ಳೆಯ ಕೋನ ಸಿಕ್ಕಾಗಲೆಲ್ಲ ಸ್ಟೋರ್ ಪಾಯಿಂಟ್ ಆಫ್ ವ್ಯೂ ಒತ್ತಿ, ಹೆಸರು ಕೊಟ್ಟು ಉಳಿಸಿ. ಆಮೇಲೆ ಕ್ರಿಯೇಟ್ ಫೋಟೋಸ್ ಅಟ್ ಪಾಯಿಂಟ್ಸ್ ಆಫ್ ವ್ಯೂ ಕೊಟ್ಟರೆ ಎಲ್ಲವನ್ನೂ ಒಂದಾದ ಮೇಲೊಂದು ತಾನೇ ತೆಗೆಯುತ್ತದೆ. ರಾತ್ರಿ ಮಲಗುವ ಮುಂಚೆ ಹಚ್ಚಿಬಿಡಿ. ಅದಕ್ಕೂ ಮೊದಲು ಫೈಲ್ ಸೇವ್ ಮಾಡಿ, ಚಾರ್ಜರ್ ಹಾಕಿ, ಸ್ಲೀಪ್ ಮೋಡ್ ಆಫ್ ಮಾಡಿ. ಸ್ಲೀಪ್‌ಗೆ ಹೋದರೆ ರೆಂಡರ್ ಅಲ್ಲೇ ನಿಲ್ಲುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆ ಮೇಲಿಡದೆ ಮೇಜಿನ ಮೇಲಿಡಿ, ಬಿಸಿಯಾದಷ್ಟೂ ಪ್ರೊಸೆಸರ್ ನಿಧಾನವಾಗುತ್ತದೆ.

ನಡುವೆ ಮೆಮೊರಿ ಸಾಲದು ಅಂತ ಬಂದರೆ ಭಾರದ ಮಾಡೆಲ್‌ಗಳನ್ನು ಹುಡುಕಿ. ನನ್ನ ಅನುಭವದಲ್ಲಿ ಗಿಡ, ಪರದೆ, ಕುಸುರಿ ಕೆತ್ತನೆಯ ಬಾಗಿಲು ಇವೇ ಕಳ್ಳರು. ಫೋಟೋದಲ್ಲಿ ಕಾಣದ ಕೋಣೆಯ ಸಾಮಾನುಗಳ ವಿಸಿಬಲ್ ಟಿಕ್ ತೆಗೆದರೆ ಅಷ್ಟು ಭಾರ ಇಳಿಯುತ್ತದೆ.

ಫೈಲ್ ಕೆಟ್ಟು ತೆರೆಯದಿದ್ದರೆ ಕೈಚೆಲ್ಲಬೇಡಿ. ನಿಮ್ಮ ಮನೆ ಉಳಿಯುವ ಎಸ್‌ಎಚ್3ಡಿ ಫೈಲ್ ಅಂದರೆ ಒಳಗೆ ಒಂದು ಜಿಪ್ಪೇ. ಒಂದು ಪ್ರತಿ ಮಾಡಿ, ಹೆಸರಿನ ಕೊನೆಯಲ್ಲಿರುವ ಎಸ್‌ಎಚ್3ಡಿಯನ್ನು ಜಿಪ್ ಅಂತ ಬದಲಿಸಿ ತೆರೆದರೆ ನೀವು ಹಾಕಿದ್ದ ಮಾಡೆಲ್, ಟೆಕ್ಸ್‌ಚರ್‌ಗಳಾದರೂ ಕೈಗೆ ಸಿಗಬಹುದು. ಇದಕ್ಕಿಂತ ಒಳ್ಳೆಯದು, ದಿನದ ಕೆಲಸ ಮುಗಿದಾಗ ತಾರೀಖು ಸೇರಿಸಿ ಬೇರೆ ಹೆಸರಿನಲ್ಲಿ ಉಳಿಸುವುದು. ಪ್ರಿಫರೆನ್ಸಸ್‌ನಲ್ಲಿ ತಾನಾಗಿ ಉಳಿಸುವ ಆಯ್ಕೆಯನ್ನು ಐದು ನಿಮಿಷಕ್ಕೆ ಇಳಿಸಿ.

ಫೋಟೋ ಸಿದ್ಧವಾದ ಮೇಲೆ ಮೇಸ್ತ್ರಿಗೆ, ಬಡಗಿಗೆ ಅದೊಂದನ್ನೇ ಕಳಿಸಬೇಡಿ. ಫೋಟೋ ನೋಡಿ ಅಂದಾಜಿನಲ್ಲಿ ಕಪಾಟು ಮಾಡಿದರೆ ಮಿಕ್ಸಿ ಇಡುವ ಜಾಗಕ್ಕೆ ಎರಡು ಇಂಚು ಕಡಿಮೆ ಬೀಳುತ್ತದೆ. ಕ್ರಿಯೇಟ್ ಡೈಮೆನ್ಷನ್ಸ್‌ನಿಂದ ಅಳತೆ ಗೆರೆಗಳನ್ನು ಎಳೆದು, ಪ್ಲಾನನ್ನು ಪಿಡಿಎಫ್ ಮಾಡಿ ಜೊತೆಗೆ ಕೊಡಿ. ಉತ್ತರದ ಬಾಣವೂ ಅದರಲ್ಲಿರಲಿ.